ನಿಮ್ಮ ಡಿಜಿಟಲ್ ಸಹಿಯ ಟೋಕನ್ ಯಾರ ಬಳಿ ಇದೆ? ಮಾಜಿ ಸೈನಿಕರಿಗೆ ಒಂದು ಎಚ್ಚರಿಕೆ

ಸೇನೆಯಲ್ಲಿ ಗಾಯಗೊಂಡು ಊರಿಗೆ ಮರಳಿದವರಿಗೆ ಮತ್ತು ಅವರ ಮನೆಯವರಿಗೆ ಇದನ್ನು ಬರೆಯುತ್ತಿದ್ದೇನೆ. ಶಿವಮೊಗ್ಗ, ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಯಾರಾದರೂ ನಿಮ್ಮ ಮನೆಗೆ ಬಂದು, "ಅಂಗವಿಕಲ ಯೋಧರಿಗೆ ಸರ್ಕಾರಿ ಟೆಂಡರ್‌ನಲ್ಲಿ ಮೀಸಲು ಇದೆ, ನಿಮ್ಮ ಹೆಸರು ಕೊಡಿ ಸಾಕು, ಉಳಿದದ್ದು ನಮಗೆ ಬಿಡಿ" ಎಂದರೆ ಅವರಿಗೆ ಆಧಾರ್ ಕಾರ್ಡಿನ ನಕಲನ್ನೂ ಕೊಡಬೇಡಿ. ನಾನು ಕೊಟ್ಟೆ. ಆಮೇಲೆ ಆದದ್ದನ್ನು ಏನೂ ಮುಚ್ಚಿಡದೆ ಹೇಳುತ್ತೇನೆ.

ನಾನು ಸೇನೆಯ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿ ನಾಯಕ್ ದರ್ಜೆಯಲ್ಲಿದ್ದವನು. 2001ರ ಡಿಸೆಂಬರಿನಲ್ಲಿ ಸಂಸತ್ ಭವನದ ಮೇಲೆ ದಾಳಿಯಾದ ನಂತರ, ಪಾಕಿಸ್ತಾನದ ಗಡಿಗೆ ಸೇನೆಯನ್ನು ಜಮಾಯಿಸಿದ ಆಪರೇಷನ್ ಪರಾಕ್ರಮ್ ಆರಂಭವಾಯಿತು. ಗಡಿಯುದ್ದಕ್ಕೂ ನೆಲಬಾಂಬ್ ಹುಗಿಯುವ ಮತ್ತು ತೆಗೆಯುವ ಕೆಲಸದಲ್ಲಿ ಅನೇಕರು ಸತ್ತರು, ಅನೇಕರು ಕೈಕಾಲು ಕಳೆದುಕೊಂಡರು. ರಾಜಸ್ಥಾನದಲ್ಲಿ ನನ್ನ ಎಡಪಾದ ಹೋಯಿತು. ಪುಣೆಯ ಕೃತಕ ಅಂಗ ಕೇಂದ್ರದಲ್ಲಿ ಕಟ್ಟಿಕೊಟ್ಟ ಕಾಲಿನಲ್ಲಿ ಊರಿಗೆ ಬಂದೆ. ತೀರ್ಥಹಳ್ಳಿ ಸೀಮೆಯಲ್ಲಿ ಎರಡು ಎಕರೆ ಅಡಿಕೆ ತೋಟವಿದೆ. ಮಳೆಗಾಲದಲ್ಲಿ ಜಾರುವ ಕಪ್ಪಿನಲ್ಲಿ, ಅಂದರೆ ತೋಟದ ಬಸಿಗಾಲುವೆಯಲ್ಲಿ, ಇಳಿದು ನಡೆಯಲು ನನಗೆ ಆಗುವುದಿಲ್ಲ. ಬೋರ್ಡೋ ಔಷಧಿ ಸಿಂಪಡಣೆಗೂ ಅಡಿಕೆಗೊನೆ ಕೊಯ್ಲಿಗೂ ಕೂಲಿ ಕೊಟ್ಟೇ ಆಗಬೇಕು. ಎಲೆಚುಕ್ಕಿ ರೋಗ ಬಂದ ಮೇಲೆ ಫಸಲೂ ಕುಸಿಯಿತು. ಹೀಗಾಗಿ ಕೂತು ಮಾಡುವ ಒಂದು ಗೌರವದ ಉದ್ಯೋಗ ಬೇಕು ಎಂಬ ಆಸೆ ಬಹಳ ದಿನಗಳಿಂದ ಇತ್ತು.

ಆ ಮನುಷ್ಯ ಬಂದದ್ದು 2022ರ ಆಷಾಢದಲ್ಲಿ. ಮಾಜಿ ಸೈನಿಕರ ಒಂದು ಸಭೆಯಲ್ಲಿ ಮುಖಪರಿಚಯವಾಗಿತ್ತು. ಬಿಡದೆ ಸುರಿಯುತ್ತಿದ್ದ ಮಳೆಯಲ್ಲಿ ಕಾರು ನಿಲ್ಲಿಸಿ ಒಳಗೆ ಬಂದವನು ಮೊದಲು ನನ್ನ ಪದಕಗಳನ್ನು ನೋಡಬೇಕೆಂದ. ಅವುಗಳ ಮುಂದೆ ಕೈಮುಗಿದ. ಹೆಂಡತಿ ಕಾಫಿ ತಂದುಕೊಟ್ಟಳು. ಆಮೇಲೆ ಚೀಲದಿಂದ ಕನ್ನಡದಲ್ಲಿ ಅಚ್ಚಾಗಿದ್ದ ಎರಡು ಪುಟ ತೆಗೆದ. "ಸೇವೆಯಲ್ಲಿ ಅಂಗವೈಕಲ್ಯ ಪಡೆದ ಯೋಧರ ಉದ್ಯಮಗಳಿಗೆ ಕೇಂದ್ರ ಸರ್ಕಾರದ ಗುತ್ತಿಗೆಗಳಲ್ಲಿ ಶೇಕಡಾ 3" ಎಂದು ಅದರಲ್ಲಿ ದಪ್ಪ ಅಕ್ಷರಗಳಲ್ಲಿತ್ತು. "ಇಷ್ಟು ವರ್ಷ ನಿಮಗೆ ಯಾರೂ ಇದನ್ನು ಹೇಳಲಿಲ್ಲವಲ್ಲ ಸರ್" ಎಂದ. ಅದು ನನಗೆ ನಾಟಿತು.

ಆ ಎರಡು ಪುಟಗಳ ನಿಜವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಅವನು ಬರೆಸಿದ್ದ ಕಾನೂನು ಇದೆ. ಆದರೆ ಅದು ಅಮೆರಿಕದ್ದು. ಅಲ್ಲಿಯ ಫೆಡರಲ್ ಸರ್ಕಾರ ಕೊಡುವ ಗುತ್ತಿಗೆಗಳಲ್ಲಿ ಸೇವೆಯಿಂದ ಅಂಗವಿಕಲರಾದ ಯೋಧರ ಸಣ್ಣ ಉದ್ಯಮಗಳಿಗೆ ಶೇಕಡಾ 3ರ ಗುರಿಯನ್ನು 1999ರ ಕಾಯ್ದೆ ಇಟ್ಟಿತು. 2003ರ ಇನ್ನೊಂದು ಕಾಯ್ದೆ ಅವರಿಗೆಂದೇ ಟೆಂಡರ್ ಕಾದಿರಿಸಲು ದಾರಿ ಮಾಡಿತು. 2023ರ ಕೊನೆಯಲ್ಲಿ ಆ ಗುರಿ ಶೇಕಡಾ 5ಕ್ಕೆ ಏರಿತು. "ಫೆಡರಲ್" ಎಂಬುದನ್ನು "ಕೇಂದ್ರ" ಎಂದು ಮಾಡಿ, ಅಮೆರಿಕದ ಹೆಸರನ್ನು ಎಲ್ಲ ಕಡೆಯಿಂದ ತೆಗೆದು, ನನ್ನ ಮುಂದೆ ಇಟ್ಟಿದ್ದ. ಇದನ್ನು ಕಂಡುಹಿಡಿದದ್ದು ಶಿವಮೊಗ್ಗದಲ್ಲಿ ಕಾನೂನು ಓದುತ್ತಿರುವ ನನ್ನ ಅಕ್ಕನ ಮಗಳು. ಮೂಲವನ್ನು ಹುಡುಕಿ ಓದಿದ ಮೇಲೆ ಅವಳು ಇನ್ನೊಂದು ವಿಷಯ ತೋರಿಸಿದಳು: "ಮಾವ, ಅಲ್ಲಿಯೂ ಉದ್ಯಮದ ಕನಿಷ್ಠ ಶೇಕಡಾ 51 ಪಾಲು ಯೋಧನದ್ದೇ ಆಗಿರಬೇಕು, ಆಡಳಿತವೂ ಅವನ ಕೈಯಲ್ಲೇ ಇರಬೇಕು. ಬರೀ ಹೆಸರು ಕೊಟ್ಟು ಬೇರೆಯವರು ನಡೆಸಿದರೆ ಅಲ್ಲಿ ಅದು ವಂಚನೆ." ಆ ಭಾಗವನ್ನು ಅವನು ಅನುವಾದಿಸಿರಲಿಲ್ಲ.

ನಮ್ಮಲ್ಲಿ ಇರುವುದು ಬೇರೆ. ಕೇಂದ್ರದ ಇಲಾಖೆಗಳು ಮತ್ತು ಉದ್ದಿಮೆಗಳು ತಮ್ಮ ಖರೀದಿಯಲ್ಲಿ ಶೇಕಡಾ 25ನ್ನು ಅತಿಸಣ್ಣ ಮತ್ತು ಸಣ್ಣ ಉದ್ಯಮಗಳಿಂದ ಮಾಡಬೇಕು ಎನ್ನುವುದು 2012ರ ಖರೀದಿ ನೀತಿ. ಮೊದಲು 20 ಇದ್ದದ್ದನ್ನು ಆಮೇಲೆ 25 ಮಾಡಿದರು. ಅದರೊಳಗೆ ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇಕಡಾ 4, ಮಹಿಳೆಯರಿಗೆ ಶೇಕಡಾ 3 ಒಳಗುರಿ ಇದೆ. ಅಂಗವಿಕಲ ಮಾಜಿ ಸೈನಿಕರಿಗೆ ಎಂದು ಪ್ರತ್ಯೇಕ ಒಳಗುರಿ ಇಲ್ಲ. ಇರಬೇಕಿತ್ತು ಎಂದು ನಾನು ಮನಸಾರೆ ನಂಬುತ್ತೇನೆ. ಆದರೆ ಇಲ್ಲದ್ದನ್ನು ಇದೆ ಎಂದು ನಂಬಿಯೇ ನಾನು ಕೆಟ್ಟೆ.

ನೋಂದಣಿಗೆಂದು 65,000 ರೂಪಾಯಿ ಕೇಳಿದ. ಕೊಟ್ಟೆ. ಅದರಲ್ಲಿ, ಸಣ್ಣ ಉದ್ಯಮವೆಂದು ಸರ್ಕಾರದಲ್ಲಿ ಹೆಸರು ಬರೆಸುವ ಉದ್ಯಮ್ ನೋಂದಣಿಗೆ 12,000 ಎಂದು ಚೀಟಿಯಲ್ಲಿ ಬರೆದಿದ್ದ. ಉದ್ಯಮ್ ನೋಂದಣಿಗೆ ಸರ್ಕಾರ ಒಂದು ಪೈಸೆಯನ್ನೂ ತೆಗೆದುಕೊಳ್ಳುವುದಿಲ್ಲ. ಆಧಾರ್ ಮತ್ತು ಪ್ಯಾನ್ ಇದ್ದರೆ ಮೊಬೈಲ್‌ನಲ್ಲೇ ಆಗುತ್ತದೆ. ಸರ್ಕಾರಿ ಖರೀದಿಯ ಜೆಮ್ ಜಾಲತಾಣದಲ್ಲಿ ಮಾರಾಟಗಾರನಾಗಿ ಹೆಸರು ಬರೆಸಲು ಸಹ ಮಧ್ಯವರ್ತಿ ಬೇಕಿಲ್ಲ.

ಹಣಕ್ಕಿಂತ ದೊಡ್ಡ ತಪ್ಪು ಆಮೇಲೆ ಆಯಿತು. ಶಿವಮೊಗ್ಗದ ಗೋಪಿ ವೃತ್ತದ ಬಳಿ ಒಂದು ಮಹಡಿಯ ಕೋಣೆಗೆ ಕರೆದೊಯ್ದ. ಕ್ಯಾಮೆರಾದ ಮುಂದೆ ನನ್ನ ಹೆಸರು ಹೇಳಿಸಿದರು, ಒಟಿಪಿ ಕೇಳಿದರು. ಸ್ವಲ್ಪ ದಿನದಲ್ಲಿ ಪೆನ್‌ಡ್ರೈವ್‌ನಂತಹ ಒಂದು ಚಿಕ್ಕ ವಸ್ತು ಬಂತು. ಅದು ಡಿಜಿಟಲ್ ಸಹಿಯ ಟೋಕನ್, ಕಂಪ್ಯೂಟರಿನಲ್ಲಿ ದಾಖಲೆಗಳಿಗೆ ನನ್ನ ಸಹಿ ಹಾಕುವ ಸಾಧನ. "ಇದು ನಮ್ಮ ಕಂಪ್ಯೂಟರಿನಲ್ಲಿ ಇರಲಿ ಸರ್, ಟೆಂಡರ್ ಹಾಕುವಾಗೆಲ್ಲ ನೀವು ಅರವತ್ತು ಕಿಲೋಮೀಟರ್ ಬರುವುದು ಬೇಡ, ಕಾಲು ನೋಯುತ್ತದೆ" ಎಂದ. ನನ್ನ ಕಾಲಿನ ಮೇಲೆ ಇವನಿಗೆ ಎಷ್ಟು ಕರುಣೆ ಎಂದುಕೊಂಡೆ. ಹೊಸ ಸಿಮ್ ಒಂದನ್ನು ನನ್ನ ಹೆಸರಿನಲ್ಲಿ ಕೊಂಡು ಅವನೇ ಇಟ್ಟುಕೊಂಡ. ಚಾಲ್ತಿ ಖಾತೆಯ ಚೆಕ್ ಪುಸ್ತಕದ ಎಲ್ಲ ಹಾಳೆಗಳಿಗೂ ಒಂದೇ ಕೂತಲ್ಲಿ ಸಹಿ ಹಾಕಿಸಿದ.

ಖಾಲಿ ಚೆಕ್ಕಿಗೆ ಸಹಿ ಹಾಕಬಾರದು ಎಂಬುದು ನಮ್ಮ ಅಜ್ಜಿಗೂ ಗೊತ್ತಿತ್ತು. ಟೋಕನ್ನಿನ ಬಗ್ಗೆ ನಮಗೆ ಹೇಳಿಕೊಟ್ಟವರಿಲ್ಲ. ಅದು ನಿಮ್ಮ ಕೈಬರಹದ ಸಹಿಗೆ ಸಮ. ಅದರಿಂದ ಹಾಕಿದ ಪ್ರತಿಯೊಂದು ದಾಖಲೆಯನ್ನೂ ನೀವೇ ಹಾಕಿದಂತೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 42ನೇ ಕಲಂ ಅದನ್ನು ನಿಮ್ಮ ಹತೋಟಿಯಲ್ಲಿ ಇಟ್ಟುಕೊಳ್ಳುವ ಹೊಣೆಯನ್ನು ನಿಮ್ಮ ಮೇಲೆಯೇ ಹಾಕುತ್ತದೆ. ಅದು ಕೈತಪ್ಪಿದೆ ಎಂದು ಪ್ರಮಾಣಪತ್ರ ಕೊಟ್ಟ ಸಂಸ್ಥೆಗೆ ತಿಳಿಸುವವರೆಗೂ ನೀವೇ ಬಾಧ್ಯರು ಎಂದು ಅಲ್ಲಿ ಸ್ಪಷ್ಟವಾಗಿ ಬರೆದಿದೆ. ವಕೀಲರು ಈ ಸಾಲನ್ನು ಓದಿ ಹೇಳಿದ ದಿನ ನನಗೆ ಊಟ ಸೇರಲಿಲ್ಲ.

ಒಂದು ಕಚೇರಿಯ ಸ್ವಚ್ಛತೆಯ ಹೊರಗುತ್ತಿಗೆ ನನ್ನ ಹೆಸರಿಗೆ ಬಂತು. ಹನ್ನೊಂದು ಜನ ಕೆಲಸಗಾರರು. ಸಣ್ಣ ಉದ್ಯಮವೆಂದು, ಟೆಂಡರ್ ಹಾಕುವಾಗ ಇಡಬೇಕಾದ ಇಎಂಡಿ ಠೇವಣಿಯಿಂದ ವಿನಾಯಿತಿ ಸಿಕ್ಕಿತ್ತು. ಬಿಲ್ಲಿನಲ್ಲಿ ನನಗೆ ಶೇಕಡಾ 4 ಎಂದು ಮಾತಾಗಿತ್ತು. ಮೂರು ತಿಂಗಳು ಆರು, ಏಳು ಸಾವಿರದಂತೆ ಬಂತು. ಮಗಳಿಗೆ ಹೊಸ ಬಟ್ಟೆ ತಂದೆ. ಆ ಕಚೇರಿಗೆ ನಾನು ಒಮ್ಮೆಯೂ ಹೋಗಲಿಲ್ಲ. ಕೆಲಸಗಾರರ ಮುಖ ನೋಡಲಿಲ್ಲ. ಇಂದಿಗೂ ನನ್ನನ್ನು ಸುಡುವುದು ಇದು.

ಮುಂದಿನ ವರ್ಷದ ಬೇಸಿಗೆಯಲ್ಲಿ ಇಬ್ಬರು ಹೆಂಗಸರು ಭದ್ರಾವತಿಯಿಂದ ಎರಡು ಬಸ್ಸು ಬದಲಿಸಿ ನಮ್ಮ ಮನೆ ಹುಡುಕಿಕೊಂಡು ಬಂದರು. ಸಂಬಳದ ಚೀಟಿಯ ಮೇಲೆ ನನ್ನ ಹೆಸರು, ನನ್ನ ಊರು ಇತ್ತು. ಎರಡು ತಿಂಗಳ ಸಂಬಳ ಬಂದಿಲ್ಲ, ಪಿಎಫ್ ಹಿಡಿದಿದ್ದಾರೆ, ಖಾತೆಗೆ ಕಟ್ಟಿಲ್ಲ ಎಂದರು. ನಾನು ಎದ್ದು ನಿಂತಾಗ ಅವರಲ್ಲಿ ಹಿರಿಯಾಕೆ ನನ್ನ ಕಾಲನ್ನು ನೋಡಿ ಸುಮ್ಮನಾದರು. ಸ್ವಲ್ಪ ಹೊತ್ತಿನ ಮೇಲೆ, "ದೇಶ ಕಾದವರು ನಮ್ಮ ದುಡ್ಡು ತಿನ್ನುವುದಿಲ್ಲ ಎಂದು ಇವಳಿಗೆ ದಾರಿಯುದ್ದಕ್ಕೂ ಹೇಳಿಕೊಂಡು ಬಂದೆನಪ್ಪಾ" ಎಂದರು. ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

ಆ ಮಧ್ಯವರ್ತಿಯ ಫೋನ್ ಅಂದಿನಿಂದ ಬಂದ್. ಆಮೇಲೆ ಒಂದರ ಹಿಂದೆ ಒಂದು ಕಾಗದ ಬಂದವು. ಕಚೇರಿಯವರು ಬಿಲ್ಲಿನ ಜೊತೆಗೆ ಕೊಟ್ಟಿದ್ದ ಶೇಕಡಾ 18 ಜಿಎಸ್‌ಟಿಯನ್ನು ಅವನು ಸರ್ಕಾರಕ್ಕೆ ಕಟ್ಟಿರಲಿಲ್ಲ. ಟೆಂಡರ್‌ನಲ್ಲಿ ಹಾಕಿದ್ದ ಅನುಭವ ಪ್ರಮಾಣಪತ್ರ ನಕಲಿ ಎಂದು ಕಾರಣ ಕೇಳುವ ನೋಟಿಸ್ ಬಂತು. ಉತ್ತರ ಬರೆದೆ. "ನನಗೆ ಗೊತ್ತಿರಲಿಲ್ಲ" ಎಂಬುದು ಉತ್ತರವಾಗಲಿಲ್ಲ, ಏಕೆಂದರೆ ಸಹಿ ನನ್ನದು. ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳು 2017ರ 151ನೇ ನಿಯಮದಲ್ಲಿ, ಪ್ರಾಮಾಣಿಕತೆಯ ಸಂಹಿತೆ ಮುರಿದ ಗುತ್ತಿಗೆದಾರನನ್ನು ಎರಡು ವರ್ಷದವರೆಗೆ ಹೊರಗಿಡಬಹುದು. ನನ್ನನ್ನು ಪೂರ್ತಿ ಎರಡು ವರ್ಷ ಹೊರಗಿಟ್ಟರು. ಅವನು ನನ್ನ ಬಳಿ ಬಂದದ್ದೂ ಅದೇ ಕಾರಣಕ್ಕೆ ಎಂದು ಆಗ ಗೊತ್ತಾಯಿತು: ಅವನ ಸ್ವಂತ ಹೆಸರು ಮೊದಲೇ ಕಪ್ಪುಪಟ್ಟಿಯಲ್ಲಿತ್ತು. ಅವನಿಗೆ ಬೇಕಿದ್ದದ್ದು ಕಲೆಯಿಲ್ಲದ ಒಂದು ಹೆಸರು, ಯಾರೂ ಪ್ರಶ್ನಿಸಲು ಹಿಂಜರಿಯುವ ಒಂದು ಗಾಯ.

ನನ್ನದರಂತೆ ಒಬ್ಬನೇ ಮಾಲೀಕನಿರುವ ಉದ್ಯಮದಲ್ಲಿ ಉದ್ಯಮ ಬೇರೆ, ಮನುಷ್ಯ ಬೇರೆ ಎಂಬುದಿಲ್ಲ. ಅದರ ಸಾಲ ನಿಮ್ಮ ಸಾಲ. ಹೆಂಡತಿಯ ಸರವನ್ನು ಸಹಕಾರ ಸಂಘದಲ್ಲಿ ಅಡವಿಟ್ಟೆ. ಆ ವರ್ಷದ ಅಡಿಕೆಯನ್ನು ಧಾರಣೆಗೆ ಕಾಯದೆ ಮಂಡಿಗೆ ಹಾಕಿದೆ. ಮೊದಲು ಹನ್ನೊಂದು ಜನರ ಸಂಬಳ ಮತ್ತು ಪಿಎಫ್ ತೀರಿಸಿದೆ, ಆಮೇಲೆ ತೆರಿಗೆ. ಎಲ್ಲ ಸೇರಿ ಆರು ಲಕ್ಷ ದಾಟಿತು. ಪೊಲೀಸ್ ದೂರು ಕೊಟ್ಟಿದ್ದೇನೆ, ತನಿಖೆ ಇನ್ನೂ ನಡೆಯುತ್ತಿದೆ.

ಇಷ್ಟೆಲ್ಲ ಓದಿ, ಸರ್ಕಾರಿ ಗುತ್ತಿಗೆಯೇ ಬೇಡ ಎಂದು ಯಾರೂ ಹಿಂದೆ ಸರಿಯಬಾರದು. ನಿಜವಾದ ದಾರಿಗಳು ಇವೆ. ದೆಹಲಿಯಲ್ಲಿರುವ ಪುನರ್ವಸತಿ ಮಹಾನಿರ್ದೇಶನಾಲಯ ಮಾಜಿ ಸೈನಿಕರಿಗೆ ಸ್ವಯಂ ಉದ್ಯೋಗದ ಯೋಜನೆಗಳನ್ನು ನಡೆಸುತ್ತದೆ. ಕಲ್ಲಿದ್ದಲು ಸಾಗಣೆಯಲ್ಲಿ ಅಂಗವಿಕಲ ಸೈನಿಕರಿಗೆ ಮತ್ತು ಸೈನಿಕರ ವಿಧವೆಯರಿಗೆ ಎಂದೇ ಒಂದು ಟಿಪ್ಪರ್ ಯೋಜನೆ ಅದರಲ್ಲಿದೆ. ಪೆಟ್ರೋಲ್ ಬಂಕಿನ ಡೀಲರ್ ಆಯ್ಕೆಯಲ್ಲೂ ರಕ್ಷಣಾ ಸಿಬ್ಬಂದಿಗೆ ಸ್ಥಾನವಿದೆ, ಆದರೆ ಬೇನಾಮಿಗೆ ಅಲ್ಲಿ ಅವಕಾಶವಿಲ್ಲ, ನೀವೇ ನಿಂತು ನಡೆಸಬೇಕು. ಸ್ವಂತ ಘಟಕ ಹಾಕುವವರಿಗೆ ಬ್ಯಾಂಕ್ ಸಾಲದ ಜೊತೆ ಸಹಾಯಧನ ಕೊಡುವ ಕೇಂದ್ರದ ಪಿಎಂಇಜಿಪಿ ಯೋಜನೆ ಇದೆ. ಅದರಲ್ಲಿ ಮಾಜಿ ಸೈನಿಕರೂ ಅಂಗವಿಕಲರೂ ವಿಶೇಷ ವರ್ಗ: ಕೈಯಿಂದ ಹಾಕಬೇಕಾದದ್ದು ಯೋಜನಾ ವೆಚ್ಚದ ಶೇಕಡಾ 5, ಹಳ್ಳಿಯಲ್ಲಿ ಸಹಾಯಧನ ಶೇಕಡಾ 35, ಪಟ್ಟಣದಲ್ಲಿ 25. ಯಾವುದಕ್ಕೇ ಆದರೂ ಮೊದಲು ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಯಲ್ಲಿ ಕೇಳಿ. ನಾನು ಆ ಬಾಗಿಲಿಗೆ ಹೋದದ್ದು ಎಲ್ಲ ಮುಗಿದ ಮೇಲೆ.

ಈಗಾಗಲೇ ಹೆಸರು ಕೊಟ್ಟಿದ್ದರೆ ನಾಚಿಕೆಯಿಂದ ಒಂದು ದಿನವನ್ನೂ ಕಳೆಯಬೇಡಿ. ಟೋಕನ್ ರದ್ದು ಮಾಡುವಂತೆ ಪ್ರಮಾಣಪತ್ರ ಕೊಟ್ಟ ಸಂಸ್ಥೆಗೆ ಅಂದೇ ಬರೆಯಿರಿ. ಬ್ಯಾಂಕಿಗೆ ಹೋಗಿ ಉಳಿದ ಚೆಕ್ಕುಗಳನ್ನು ತಡೆಹಿಡಿಸಿ. ಜಿಎಸ್‌ಟಿ, ಜೆಮ್ ಎರಡರಲ್ಲೂ ಇರುವ ಮೊಬೈಲ್ ಸಂಖ್ಯೆ ಯಾರದ್ದೆಂದು ನೋಡಿ. ನಿಮ್ಮ ಹೆಸರಿನಲ್ಲಿ ಕೆಲಸ ಮಾಡುತ್ತಿರುವವರು ಯಾರು, ಅವರಿಗೆ ಸಂಬಳ ಸಿಗುತ್ತಿದೆಯೇ ಎಂದು ಖುದ್ದಾಗಿ ಹೋಗಿ ವಿಚಾರಿಸಿ.

ಕಳೆದ ತಿಂಗಳು ಹೊಸನಗರದ ಕಡೆಯ ಒಬ್ಬ ಮಾಜಿ ಸೈನಿಕರು ಯಾರಿಂದಲೋ ನನ್ನ ನಂಬರ್ ಪಡೆದು ಫೋನ್ ಮಾಡಿದರು. ಹಿಮಾಲಯದ ಚಳಿಯಲ್ಲಿ ಕೈಬೆರಳು ಕಳೆದುಕೊಂಡವರು. ಅದೇ ಎರಡು ಪುಟ, ಅದೇ ಶೇಕಡಾ 3. ನಾನು ಒಂದೇ ಪ್ರಶ್ನೆ ಕೇಳಿದೆ: "ಟೋಕನ್ ಯಾರ ಬಳಿ ಇದೆ?" ಬಹಳ ಹೊತ್ತು ಮಾತಿಲ್ಲ. ಆಮೇಲೆ, "ಅವರ ಆಫೀಸಿನಲ್ಲೇ ಇದೆ ಅಣ್ಣ" ಎಂದರು. ಮರುದಿನ ಬೆಳಿಗ್ಗೆಯ ಮೊದಲ ಬಸ್ಸಿಗೆ ಬನ್ನಿ ಎಂದೆ. ಶಿವಮೊಗ್ಗದ ಬಸ್ ನಿಲ್ದಾಣದಲ್ಲಿ ಅವರಿಗಾಗಿ ಕಾದು ನಿಂತೆ. ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ರದ್ದತಿಯ ಅರ್ಜಿ ಹೋಗಿತ್ತು, ಬ್ಯಾಂಕಿನ ಮೊಹರು ಬಿದ್ದ ಸ್ವೀಕೃತಿ ಅವರ ಕೈಯಲ್ಲಿತ್ತು.