ಎರಡು ಪ್ರೊಸೆಸರ್‌ಗಳ ವರ್ಕ್‌ಸ್ಟೇಷನ್: ಸೋಮವಾರಪೇಟೆಯ ಮನೆಯಲ್ಲಿ ಮೂರು ವರ್ಷ

ತೋಟದ ಲೆಕ್ಕಪತ್ರ, ಮಗಳ ಓದು ಮತ್ತು ನಾನು ಹವ್ಯಾಸಕ್ಕೆಂದು ಮಾಡುವ ಮದುವೆ, ಹುತ್ತರಿಗಳ ವಿಡಿಯೋ ಎಡಿಟಿಂಗ್‌ಗೆ ಒಂದೇ ಗಟ್ಟಿ ಯಂತ್ರ ಇರಲಿ ಎಂದು ಮೂರು ವರ್ಷಗಳ ಹಿಂದೆ ಸೆಕೆಂಡ್ ಹ್ಯಾಂಡ್ ವರ್ಕ್‌ಸ್ಟೇಷನ್ (ಭಾರಿ ಕೆಲಸಕ್ಕೆಂದು ಮಾಡಿದ ಕಂಪ್ಯೂಟರ್) ಒಂದನ್ನು ಬೆಂಗಳೂರಿನಿಂದ ತರಿಸಿಕೊಂಡೆ. ಅದರಲ್ಲಿರುವುದು ಇಂಟೆಲ್ 2012ರಲ್ಲಿ ಹೊರತಂದ ಜಿಯಾನ್ ಇ5-2670 ಪ್ರೊಸೆಸರ್‌ಗಳು ಎರಡು. ಒಂದೊಂದರಲ್ಲಿ ಎಂಟು ಕೋರ್‌ಗಳಂತೆ (ಕೋರ್ ಎಂದರೆ ಪ್ರೊಸೆಸರ್‌ನೊಳಗೆ ಲೆಕ್ಕಾಚಾರ ನಡೆಸುವ ಘಟಕ) ಒಟ್ಟು ಹದಿನಾರು. 2005ರಿಂದೀಚೆಗೆ ಮನೆಮನೆಗೆ ಬಂದ ಡ್ಯುಯಲ್ ಕೋರ್ ಬೇರೆ, ಇದು ಬೇರೆ. ಅಲ್ಲಿ ಒಂದೇ ಪ್ರೊಸೆಸರ್‌ನೊಳಗೆ ಎರಡು ಕೋರ್‌ಗಳಿರುತ್ತವೆ. ಇಲ್ಲಿ ಸಾಕೆಟ್ (ಪ್ರೊಸೆಸರ್ ಕೂರುವ ಜಾಗ), ಹೀಟ್‌ಸಿಂಕ್ (ಅದರ ಬಿಸಿ ಹೊರಹಾಕುವ ಲೋಹದ ಭಾಗ), ರ‍್ಯಾಮ್ ಎಲ್ಲವೂ ಜೋಡಿ.

ಮೊದಲ ಎರಡು ತಿಂಗಳು ಎರಡನೆಯ ಪ್ರೊಸೆಸರ್ ಕೆಲಸವನ್ನೇ ಮಾಡಲಿಲ್ಲ. ವ್ಯಾಪಾರಿ ಹಾಕಿಕೊಟ್ಟಿದ್ದ ವಿಂಡೋಸ್ 10 ಹೋಮ್ ಆವೃತ್ತಿ ಒಂದೇ ಸಾಕೆಟ್ಟನ್ನು ಬಳಸುತ್ತದೆ, ಎರಡಕ್ಕೆ ಪ್ರೊ ಆವೃತ್ತಿ ಬೇಕು ಎಂಬುದನ್ನು ಆತ ಹೇಳಿರಲಿಲ್ಲ. ಟಾಸ್ಕ್ ಮ್ಯಾನೇಜರ್ ತೆರೆದು ಸಾಕೆಟ್‌ಗಳ ಲೆಕ್ಕ ನೋಡಿದಾಗಲೇ ನನಗೆ ತಿಳಿದದ್ದು. ಆ ಎರಡು ತಿಂಗಳು ಮನೆಯಲ್ಲಿ ಯಾರೊಬ್ಬರೂ ಯಂತ್ರ ನಿಧಾನವಾಗಿದೆ ಎಂದಿರಲಿಲ್ಲ ಎಂಬುದು ನನ್ನನ್ನು ಯೋಚನೆಗೆ ಹಚ್ಚಿತು.

ಹೀಗಾಗಿ ಕಳೆದ ಮಳೆಗಾಲದಲ್ಲಿ, ಮದುವೆಗಳಿಲ್ಲದ ಸಮಯ ನೋಡಿ, ಬೇಕೆಂದೇ ಪರೀಕ್ಷಿಸಿದೆ. ನನ್ನ ಯಂತ್ರದಲ್ಲಿ ಎರಡನೆಯ ಪ್ರೊಸೆಸರ್ ಪ್ರತ್ಯೇಕ ಬೋರ್ಡಿನ ಮೇಲಿದೆ. ಪಕ್ಕದ ಮುಚ್ಚಳ ತೆಗೆದು ಹಿಡಿಯನ್ನು ಎತ್ತಿದರೆ ಫ್ಯಾನ್ ಮತ್ತು ಅದರ ಪಾಲಿನ 32 ಜಿಬಿ ರ‍್ಯಾಮ್ ಸಮೇತ ಇಡೀ ಬೋರ್ಡ್ ಕೈಗೆ ಬರುತ್ತದೆ. ಹಾಗೆ ತೆಗೆದಿಟ್ಟು ಒಂದು ತಿಂಗಳು ಬಳಸಿದೆವು. ಲೆಕ್ಕಪತ್ರದ ತಂತ್ರಾಂಶ ಮೊದಲಿನಷ್ಟೇ ಬೇಗ ತೆರೆದುಕೊಂಡಿತು, ಮಗಳ ಆನ್‌ಲೈನ್ ತರಗತಿಗಳಲ್ಲಿಯೂ ಬ್ರೌಸರ್‌ನಲ್ಲಿಯೂ ಯಾವ ಬದಲಾವಣೆಯೂ ಕಾಣಲಿಲ್ಲ. ಇಂಥ ಕೆಲಸಗಳ ಹೆಚ್ಚಿನ ಭಾರ ಒಂದೆರಡು ಕೋರ್‌ಗಳ ಮೇಲೆಯೇ ಬೀಳುವುದರಿಂದ ಉಳಿದವು ಸುಮ್ಮನೆ ಕುಳಿತಿರುತ್ತವೆ. ಹಳೆಯ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ (ಚಿಪ್‌ಗಳಲ್ಲಿ ಮಾಹಿತಿ ಇಡುವ, ಹೆಚ್ಚು ವೇಗದ ಡಿಸ್ಕ್) ಹಾಕಿದ ದಿನ ಕಂಡ ವೇಗ ಎರಡನೆಯ ಪ್ರೊಸೆಸರ್‌ನಿಂದ ಎಂದೂ ಬಂದಿರಲಿಲ್ಲ.

ವ್ಯತ್ಯಾಸ ಕಂಡದ್ದು ವಿಡಿಯೋ ಎಕ್ಸ್‌ಪೋರ್ಟ್‌ನಲ್ಲಿ, ಅಂದರೆ ಎಡಿಟ್ ಮಾಡಿದ್ದನ್ನು ಅಂತಿಮ ಫೈಲ್ ಆಗಿ ಹೊರತೆಗೆಯುವಾಗ ಮಾತ್ರ. ನಲವತ್ತು ನಿಮಿಷಗಳ ಹುತ್ತರಿ ವಿಡಿಯೋಗೆ ಎರಡೂ ಇದ್ದಾಗ 38 ನಿಮಿಷ, ಒಂದೇ ಇದ್ದಾಗ 62 ನಿಮಿಷ ಹಿಡಿಯಿತು. ಸಮಯ ಸರಿಯಾಗಿ ಅರ್ಧಕ್ಕೆ ಇಳಿಯದಿರಲು ಕಾರಣವಿದೆ: ಕೆಲಸದ ಎಲ್ಲ ಭಾಗಗಳನ್ನೂ ಹಂಚಲಾಗದು, ಮೇಲಾಗಿ ಒಂದು ಪ್ರೊಸೆಸರ್ ಮತ್ತೊಂದರ ಪಾಲಿನ ರ‍್ಯಾಮ್‌ನಿಂದ ಮಾಹಿತಿ ತರಿಸಿಕೊಳ್ಳುವಾಗ ತುಸು ವಿಳಂಬವಾಗುತ್ತದೆ. ಆದರೂ ಮದುವೆಯ ಸೀಸನ್ನಿನಲ್ಲಿ ಆ 24 ನಿಮಿಷ ನನಗೆ ದೊಡ್ಡದೇ.

ಆದರೆ ಅದೇ ವಿಡಿಯೋವನ್ನು ಭಾವನ ಮನೆಯ, ಎಎಂಡಿ ಕಂಪನಿಯ ರೈಜನ್ 5 5600 ಪ್ರೊಸೆಸರ್ ಇರುವ ಕಂಪ್ಯೂಟರ್ 28 ನಿಮಿಷಗಳಲ್ಲಿ ಮುಗಿಸಿತು. ಅದರಲ್ಲಿರುವುದು ಒಂದೇ ಪ್ರೊಸೆಸರ್, ಆರೇ ಕೋರ್. ಕಂಪನಿ ನಮೂದಿಸಿರುವ ಟಿಡಿಪಿ, ಅಂದರೆ ಭಾರದಲ್ಲಿ ಹೊರಬೀಳುವ ಶಾಖದ ಅಂದಾಜು, 65 ವ್ಯಾಟ್. ನನ್ನವು ಒಂದೊಂದೂ 115 ವ್ಯಾಟಿನವು. ಪ್ಲಗ್ಗಿಗೆ ಮೀಟರ್ ಹಾಕಿ ನೋಡಿದಾಗ ನನ್ನ ಯಂತ್ರ ಸುಮ್ಮನಿದ್ದಾಗ 140, ಎಕ್ಸ್‌ಪೋರ್ಟ್ ನಡೆಯುವಾಗ 340 ವ್ಯಾಟ್ ಎಳೆಯುತ್ತಿತ್ತು. ಕಕ್ಕಡ ತಿಂಗಳ ಮಳೆಗೆ ಸಿಲ್ವರ್ ಮರ ಲೈನಿನ ಮೇಲೆ ಬಿದ್ದು ಎರಡು ದಿನ ಕರೆಂಟ್ ಇಲ್ಲದಿರುವ ನಮ್ಮಂಥ ಊರಿನಲ್ಲಿ ಇದು ಸಣ್ಣ ಮಾತಲ್ಲ: 150 ಎಎಚ್ ಬ್ಯಾಟರಿಯ ಇನ್ವರ್ಟರ್ ಮೂರು ಗಂಟೆಯೊಳಗೆ ಕೂಗತೊಡಗುತ್ತದೆ, ಆಮೇಲೆ ಮನೆಗೆ ದೀಪವೂ ಉಳಿಯುವುದಿಲ್ಲ.

ಯಂತ್ರದ ಗಟ್ಟಿತನದ ಬಗ್ಗೆ ನನಗೆ ದೂರಿಲ್ಲ. ಗೋಡೆಗೆ ಬೂಷ್ಟು ಹಿಡಿಯುವ ತೇವದಲ್ಲಿಯೂ ಒಮ್ಮೆ ರ‍್ಯಾಮ್ ತೆಗೆದು ಒರೆಸಿ ಹಾಕಿದ್ದು ಬಿಟ್ಟರೆ ರಿಪೇರಿ ಬಂದಿಲ್ಲ. ಆದರೆ ಇಂದು ಕೊಳ್ಳುವವರಿಗೆ, ದಿನವೂ ಗಂಟೆಗಟ್ಟಲೆ ವಿಡಿಯೋ ಅಥವಾ ತ್ರೀಡಿ ರೆಂಡರಿಂಗ್ ಮಾಡುವವರಲ್ಲದಿದ್ದರೆ, ಇದನ್ನು ನಾನು ಸೂಚಿಸಲಾರೆ. ಅಂಥವರೂ ಮೊದಲು ಹೊಸ ತಲೆಮಾರಿನ ಒಂಟಿ ಪ್ರೊಸೆಸರ್‌ನ ಬೆಲೆ ವಿಚಾರಿಸುವುದು ಒಳ್ಳೆಯದು. ನಮ್ಮಲ್ಲಿ ಆ ಎರಡನೆಯ ಬೋರ್ಡ್ ಈಗ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಬಿಗಿಮುಚ್ಚಳದ ಡಬ್ಬದಲ್ಲಿದೆ. ಹುತ್ತರಿಗೆ ಒಂದು ವಾರ ಮೊದಲು ಹೊರತೆಗೆದು ಸೇರಿಸುತ್ತೇನೆ.