ನೆಲಮಾಳಿಗೆಯ ಗೋಡೆಗೆ ವಾಟರ್‌ಪ್ರೂಫ್ ಪೇಂಟ್ ಹೊಡೆಸುವ ಮುಂಚೆ ಇದನ್ನು ಓದಿ

ಗೋಡೆ ತೇವ ಆಗಿದ್ದರೆ ಒಳಗಿನಿಂದ ಮುಚ್ಚಿಸಬೇಡಿ. ಮೊದಲು ಹೊರಗೆ ಹೋಗಿ ನೋಡಿ. ಇಷ್ಟು ಗೊತ್ತಿಲ್ಲದೆ ನಾನು ಒಂದೇ ಗೋಡೆಯನ್ನು ಎರಡು ಸಲ ಕೆತ್ತಿಸಬೇಕಾಯಿತು.

ನಮ್ಮದು ಹಳೇ ಮನೆ. ನೆಲಮಾಳಿಗೆಯ ಕೋಣೆಗೆ ಕಲ್ಲಿನ ಗೋಡೆ, ಮೇಲೆ ಸುಣ್ಣದ ಗಾರೆ. ಮೊಣಕಾಲೆತ್ತರದವರೆಗೆ ಕಂದು ಕಲೆ, ಅದರ ಅಂಚಿಗೆ ಬಿಳಿ ಪುಡಿ, ಅಂದರೆ ನೀರಿನ ಜೊತೆ ಬಂದ ಉಪ್ಪು. ಬಾಗಿಲು ತೆಗೆದರೆ ಮುಗ್ಗಲು ವಾಸನೆ. ಕೆಲಸದವರು ಬಂದರು, ತೇವ ನೋಡುವ ಎರಡು ಮುಳ್ಳಿನ ಮೀಟರನ್ನು ಗೋಡೆಗೆ ಚುಚ್ಚಿದರು. "ಹಳೇ ಗಾರೆ ಕಿತ್ತು ಸಿಮೆಂಟ್ ಪ್ಲಾಸ್ಟರ್ ಮಾಡಿ, ವಾಟರ್‌ಪ್ರೂಫ್ ಪೇಂಟ್ ಹೊಡೆದರೆ ಆಯ್ತು" ಅಂದರು. ಹತ್ತು ನಿಮಿಷವೂ ಇರಲಿಲ್ಲ. ಮನೆಗೆ ಹೊರಗಿನಿಂದ ಒಂದು ಸುತ್ತೂ ಹಾಕಲಿಲ್ಲ. ಅಲ್ಲೇ ನನಗೆ ಅನುಮಾನ ಬರಬೇಕಿತ್ತು. ಆ ಮೀಟರ್ ಅಳೆಯುವುದು ಗೋಡೆಯಲ್ಲಿ ಕರೆಂಟ್ ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನುವುದನ್ನು. ಉಪ್ಪು ಕೂತ ಗೋಡೆಯಲ್ಲಿ ಅದು ಇರುವುದಕ್ಕಿಂತ ಜಾಸ್ತಿ ತೇವ ತೋರಿಸುತ್ತದೆ.

ಕೆಲಸ ಮುಗಿದಾಗ ಕೋಣೆ ಚೆನ್ನಾಗೇ ಕಂಡಿತು. ಒಂದು ಬದಿಗೆ ಜಿಪ್ಸಮ್ ಬೋರ್ಡ್ ಕೂಡ ಹಾಕಿಸಿದೆವು. ಮಳೆ ಹಿಡಿದ ಮೂರನೇ ವಾರ ಮೂಲೆಯಲ್ಲಿ ಪೇಂಟ್ ಗುಳ್ಳೆ ಎದ್ದಿತ್ತು. ಹೆಬ್ಬೆರಳಿನಿಂದ ಒತ್ತಿದೆ. ಒಡೆದು, ತಣ್ಣಗಿನ ನೀರು ಮಣಿಕಟ್ಟಿನವರೆಗೆ ಇಳಿಯಿತು. ಒಳಗೆ ಹತ್ತಿಯ ಎಳೆಯಂತೆ ಉಪ್ಪು ಬೆಳೆದಿತ್ತು. ಮುಂದೆ ಕಲೆ ಸೊಂಟದವರೆಗೆ ಏರಿತು. ಬೋರ್ಡ್ ಬಿಚ್ಚಿಸಿದರೆ ಹಿಂದೆಲ್ಲ ಕಪ್ಪು ಬೂಷ್ಟು. ನನ್ನ ಮಗಳು ಅದೇ ಬೋರ್ಡಿಗೆ ಒರಗಿ ಓದುತ್ತಾ ಕೂರುತ್ತಿದ್ದಳು. ನೆನೆದರೆ ಈಗಲೂ ಸಂಕಟ ಆಗುತ್ತದೆ.

ಮಣ್ಣಿನೊಳಗಿರುವ ಗೋಡೆಗೆ ಪಕ್ಕದ ಮಣ್ಣಿನಿಂದಲೇ ನೀರು ಬರುತ್ತದೆ. ಸುಣ್ಣದ ಗಾರೆ ಅದನ್ನು ಹೀರಿಕೊಂಡು ನಿಧಾನಕ್ಕೆ ಗಾಳಿಗೆ ಬಿಡುತ್ತಿತ್ತು. ಸಿಮೆಂಟು, ಪೇಂಟು ಸೇರಿ ಆ ದಾರಿ ಮುಚ್ಚಿದವು. ನೀರು ಸುಮ್ನೆ ಕೂರುವುದಿಲ್ಲ ಅಲ್ವಾ, ಮೇಲಕ್ಕೆ ಹತ್ತಿತು. ಅದರ ಜೊತೆ ಬಂದ ಉಪ್ಪು ಪೇಂಟಿನ ಹಿಂದೆ ಹರಳುಗಟ್ಟಿ ಪ್ಲಾಸ್ಟರನ್ನೇ ಹೊರಕ್ಕೆ ತಳ್ಳಿತು.

ಕೊನೆಗೆ ಜೋರು ಮಳೆಯ ಒಂದು ರಾತ್ರಿ ಟಾರ್ಚ್ ಹಿಡಿದು ಹೊರಗೆ ನಿಂತೆ. ಚಾವಣಿಯಿಂದ ಇಳಿಯುವ ಪೈಪ್ ಕೆಳಗಿನ ತಿರುವಿನಲ್ಲಿ ಸೀಳಿತ್ತು. ನೀರೆಲ್ಲ ನೇರ ಗೋಡೆಯ ಬುಡಕ್ಕೆ. ಹೂವಿನ ಪಾತಿಯ ಮಣ್ಣು ಕೂಡ ಮನೆಯ ಕಡೆಗೇ ಇಳಿಜಾರಾಗಿತ್ತು. ಪೈಪ್ ಬದಲಾಯಿಸಿ, ನೀರನ್ನು ಗೋಡೆಯಿಂದ ದೂರ ಹರಿಯುವಂತೆ ಮಾಡಿದೆ. ಮಣ್ಣು ತೆಗೆದು ಇಳಿಜಾರು ತಿರುಗಿಸಿದೆ. ನೀವು ಅದಕ್ಕಿಂತ ಆಳಕ್ಕೆ ಅಗೆಯುವುದಾದರೆ ಎಂಜಿನಿಯರ್ ನೋಡದೆ ಅಗೆಸಬೇಡಿ. ಪಾಯದ ಬುಡ ಸಡಿಲವಾದರೆ ಮನೆಗೇ ಅಪಾಯ.

ನಿಮ್ಮಲ್ಲಿ ಕಾರಣ ಬೇರೆ ಇರಬಹುದು. ಒಂದು ಚೌಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ, ಎರಡು ದಿನ ಬಿಡಿ. ಹನಿ ಹಾಳೆಯ ಹಿಂದೆ ಕೂತರೆ ತೇವ ಗೋಡೆಯದು. ಮುಂದೆ ಕೂತರೆ ಕೋಣೆಯ ಗಾಳಿಯದು. ಎರಡೂ ಕಡೆ ಕೂರುವುದೂ ಉಂಟು. ಹೊರಗೆ ಬಿಸಿ, ಜಿಗುಟು ಹವೆ ಇದ್ದಾಗ ಕಿಟಕಿ ತೆಗೆದಿಟ್ಟರೆ ಇನ್ನೂ ಕೆಡುತ್ತದೆ. ಆ ಗಾಳಿ ತಣ್ಣನೆಯ ಗೋಡೆಗೆ ತಾಗಿ ನೀರಾಗುತ್ತದೆ. ಒಣಗಲಿ ಅಂತ ನಾನು ದಿನವಿಡೀ ಕಿಟಕಿ ತೆಗೆದೇ ಇಟ್ಟಿದ್ದೆ.

ಉಪ್ಪನ್ನು ತೊಳೆಯಬೇಡಿ. ಕರಗಿ ಮತ್ತೆ ಗೋಡೆಯೊಳಗೇ ಹೋಗುತ್ತದೆ. ಒಣ ಬ್ರಷ್‌ನಿಂದ ಉಜ್ಜಿ, ಪುಡಿಯನ್ನು ಹೊರಗೆ ಹಾಕಿ.

ಆಮೇಲೆ ಗೋಡೆ ಒಣಗುವವರೆಗೆ ಕಾಯಬೇಕು. ಗೋಡೆಯ 25 ಮಿ.ಮೀ. ದಪ್ಪಕ್ಕೆ ಸುಮಾರು ಒಂದು ತಿಂಗಳು ಅನ್ನುವುದು ರೂಢಿಯ ಲೆಕ್ಕ. ನಮ್ಮದು 450 ಮಿ.ಮೀ., ಅಂದರೆ ಒಂದೂವರೆ ವರ್ಷ. ಈಗ ಹನ್ನೊಂದನೇ ತಿಂಗಳು. ಸಿಮೆಂಟ್ ಕಿತ್ತ ಕಲ್ಲಿನ ಮೇಲೆ ಪ್ರತಿ ತಿಂಗಳು ತೇವದ ಗೆರೆಗೆ ಸೀಮೆಸುಣ್ಣದಿಂದ ಗುರುತು ಹಾಕುತ್ತೇನೆ. ಹೋದ ವಾರದ ಗುರುತು ಮೊಣಕಾಲಿಗಿಂತ ನಾಲ್ಕು ಬೆರಳು ಕೆಳಗಿದೆ. ಗಾರೆ ಇನ್ನೂ ಹಾಕಿಸಿಲ್ಲ. ಹಾಕಿಸಿದಾಗ ಸುಣ್ಣದ್ದೇ.