ಪಿವಿಸಿ ಪೈಪಿನ ಕ್ಲಾಂಪ್ ಮಾಡುವವರು ಸ್ವಲ್ಪ ಹುಷಾರು

ಪಿವಿಸಿ ಪೈಪನ್ನು ಬಳೆಯ ಹಾಗೆ ತುಂಡು ಮಾಡಿ ಒಂದು ಕಡೆ ಸೀಳಿದರೆ, ಅಂಟು ಹಿಡಿಯುವ ತನಕ ಮರವನ್ನು ಒತ್ತಿ ಹಿಡಿಯುವ ಪುಕ್ಕಟೆ ಕ್ಲಾಂಪ್ ರೆಡಿ. ಉಪಾಯ ಹಳೆಯದೇ, ಕೆಲಸವನ್ನೂ ಚೆನ್ನಾಗಿ ಮಾಡುತ್ತದೆ. ಪೆಟ್ಟಿಗೆಯ ಅಂಚಿಗೆ ತೆಳು ಪಟ್ಟಿ ಅಂಟಿಸುವಾಗ ಹತ್ತಾರು ಕಡೆ ಒತ್ತಿ ಹಿಡಿಯಬೇಕು. ಅಷ್ಟೊಂದು ಕ್ಲಾಂಪ್ ಯಾರ ಹತ್ತಿರ ಇರುತ್ತದೆ ಹೇಳಿ? ನಾನೂ ಒಂದು ರಾಶಿ ಬಳೆ ಮಾಡಿಟ್ಟುಕೊಂಡಿದ್ದೆ. ಅದರಲ್ಲಿ ಒಂದು ಮುಖದ ಮುಂದೆಯೇ ಸಿಡಿಯಿತು.

ಎರಡೂ ಕೈಯಲ್ಲಿ ಬಳೆಯ ಬಾಯಿ ಅಗಲಿಸಿ ಪಟ್ಟಿಯ ಮೇಲೆ ಕೂರಿಸುತ್ತಿದ್ದೆ. ಮುನ್ಸೂಚನೆ ಏನೂ ಇಲ್ಲ. ಟಪ್ ಅಂತ ಸದ್ದು, ಅಷ್ಟೇ. ಅರ್ಧ ಕೈಯಲ್ಲೇ ಉಳಿಯಿತು, ಇನ್ನರ್ಧ ಕನ್ನಡಕಕ್ಕೆ ಬಡಿದು ಎಲ್ಲೋ ಹಾರಿತು. ಗಾಜಿನ ಮೇಲೆ ಉದ್ದಕ್ಕೆ ಗೀರು. ಹೆಬ್ಬೆರಳು ಕುಯ್ದಿದ್ದು ಅಂಟು ಒರೆಸಿದ ಮೇಲೆ ಗೊತ್ತಾಯಿತು. ಮುರಿದ ಪಿವಿಸಿ ಅಂಚು ಅಷ್ಟು ಚೂಪು.

ಮುರಿದದ್ದು ಸೀಳಿನ ಹತ್ತಿರ ಅಲ್ಲ, ಅದರ ಎದುರು ಬದಿಯಲ್ಲಿ. ಬಾಯಿ ಅಗಲಿಸಿದಾಗ ಬಳೆ ಜಾಸ್ತಿ ಬಾಗುವುದು ಅಲ್ಲೇ, ಒಳಮೈ ಎಳೆತಕ್ಕೆ ಸಿಕ್ಕುವುದೂ ಅಲ್ಲೇ. ಉಳಿದ ಬಳೆಗಳನ್ನು ಬೆಳಕಿಗೆ ಹಿಡಿದು ನೋಡಿದೆ. ಕೆಲವದರಲ್ಲಿ ಅದೇ ಜಾಗದಲ್ಲಿ, ಒಳಗಡೆ, ಕೂದಲೆಳೆಯಷ್ಟು ಬಿಳಿ ಗೆರೆಗಳು. ಅಂಥವನ್ನೆಲ್ಲ ಎಸೆದೆ. ನಿಮ್ಮ ಬಳೆಗಳಲ್ಲೂ ಮೊದಲು ಅಲ್ಲೇ ನೋಡಿ.

ಆ ಪೈಪ್ ಪರಿಚಯದವರೊಬ್ಬರು ಕೊಟ್ಟದ್ದು. ಎಷ್ಟೋ ಕಾಲ ಬಿಸಿಲಿನಲ್ಲಿ ಬಿದ್ದಿದ್ದ ತುಂಡು. "ಪೈಪ್ ಅಂದ್ರೆ ಪೈಪೇ, ಹಳೇದೇನು ಹೊಸದೇನು" ಅಂದಿದ್ದರು. ವ್ಯತ್ಯಾಸ ಇದೆ ಸ್ವಾಮಿ! ಬಿಸಿಲು ತಿಂದ ಪಿವಿಸಿ ಬಾಗುವ ಗುಣ ಕಳೆದುಕೊಂಡು ಪೆಡಸಾಗುತ್ತದೆ. ಚಳಿಯಲ್ಲಂತೂ ಹೊಸ ಪೈಪ್ ಕೂಡ ಬೇಗ ಸಿಡಿಯುತ್ತದೆ. ಬಣ್ಣ ಮಾಸಿದ, ಹಳದಿ ತಿರುಗಿದ ಪೈಪನ್ನು ಈ ಕೆಲಸಕ್ಕೆ ಮುಟ್ಟಲೇಬೇಡಿ.

ಬಿಗಿ ಜಾಸ್ತಿ ಬೇಕಾದರೆ ಬಾಯಿ ಇನ್ನಷ್ಟು ಅಗಲಿಸಬೇಡಿ. ಪೈಪಿನಿಂದ ಬಳೆ ಕತ್ತರಿಸುವಾಗಲೇ ಅದರ ಪಟ್ಟೆಯನ್ನು ಅಗಲವಾಗಿ ಇಟ್ಟುಕೊಳ್ಳಿ. ದಪ್ಪ ಮರ ಹಿಡಿಯಬೇಕಾದರೆ ದೊಡ್ಡ ಸುತ್ತಳತೆಯ ಪೈಪ್ ತಗೊಳ್ಳಿ. ಬಳೆಯ ತುದಿ ಮೆತ್ತನೆ ಮರದಲ್ಲಿ ಗುಳಿ ಬೀಳಿಸುತ್ತದೆ, ಅದಕ್ಕೆ ಮಧ್ಯೆ ಒಂದು ರೀಪು ಇಡಿ. ಒತ್ತಡವೂ ಹರಡುತ್ತದೆ. ಆ ರೀಪಿಗೆ ಪ್ಯಾಕಿಂಗ್ ಟೇಪ್ ಸುತ್ತುವುದು ಮರೆಯಬೇಡಿ, ಇಲ್ಲವಾದರೆ ಅದೂ ಪೆಟ್ಟಿಗೆಗೇ ಅಂಟಿ ಕೂರುತ್ತದೆ.

ರಾತ್ರಿಯಿಡೀ ಬಳೆ ಹಾಕಿಡುವ ಅಭ್ಯಾಸವೂ ಬೇಡ. ಬಿಳಿ ಮರದಂಟಿಗೆ ಸಾಮಾನ್ಯವಾಗಿ 30 ನಿಮಿಷದಿಂದ 1 ಗಂಟೆ ಹಿಡಿತ ಸಾಕು. ಪೂರ್ತಿ ಗಟ್ಟಿಯಾಗಲು 24 ಗಂಟೆ ಬೇಕು ನಿಜ, ಆದರೆ ಅಷ್ಟೂ ಹೊತ್ತು ಕ್ಲಾಂಪ್ ಇರಬೇಕಿಲ್ಲ. ಬಾಯಿ ಅಗಲಿಸಿಯೇ ಇಟ್ಟರೆ ಪಿವಿಸಿ ಹಾಗೇ ಸಡಿಲವಾಗಿಬಿಡುತ್ತದೆ, ಮತ್ತೆ ಮೊದಲಿನ ಬಿಗಿ ಬರುವುದಿಲ್ಲ.

ಈಗ ತೆಳು ಪಟ್ಟಿಗಳಿಗೆ ನಾನು ಸೈಕಲ್ ಟ್ಯೂಬಿನ ಸೀಳು ಸುತ್ತುತ್ತೇನೆ. ಸುತ್ತಿದಷ್ಟೂ ಒತ್ತಡ ಏರುತ್ತಾ ಹೋಗುತ್ತದೆ, ತೆಳು ಚೌಕಟ್ಟಾದರೆ ಬಾಗಿಯೇಬಿಡುತ್ತದೆ. ಅದಕ್ಕೆ ಮೂಲೆಯಿಂದ ಎದುರು ಮೂಲೆಗೆ ಎರಡೂ ಕರ್ಣ ಸಮ ಇವೆಯೇ ಅಂತ ಅಳೆದು ನೋಡುವುದು. ಟ್ಯೂಬ್ ಜಾರಿದರೂ ಚೂರು ಹಾರುವುದಿಲ್ಲ.

ಪಿವಿಸಿ ಬಳೆಯೇ ಬೇಕು ಅನ್ನುವವರು ಹಾಕುವಾಗ ಮಾತ್ರವಲ್ಲ, ತೆಗೆಯುವಾಗಲೂ ಪಕ್ಕ ಮುಚ್ಚಿದ ಸೇಫ್ಟಿ ಕನ್ನಡಕ ಹಾಕಿಕೊಳ್ಳಿ. ಅಂಟು ಒಣಗಿದೆ, ಕೆಲಸ ಮುಗಿಯಿತು ಅಂತ ಸುಮ್ನೆ ಕಿತ್ತು ತೆಗೆಯುತ್ತೇವಲ್ಲ, ಆಗಲೂ ಬಾಯಿ ಅಗಲಿಸಲೇಬೇಕು.